ಅಧ್ಯಕ್ಷರ ಮನೆತನವೂ ಕಡೂರು ಸೀಮೆಯ ಮತದಾರರೂ



ತಂದೆಯ ಅಧಿಕಾರವು ಮಕ್ಕಳಿಗೆ ಸಲ್ಲುವುದು ಅರಸೊತ್ತಿಗೆಯಲ್ಲಿ ವಾಡಿಕೆ. ಪ್ರಜಾಪ್ರಭುತ್ವದಲ್ಲಿ ಅದೊಂದು ಪ್ರಶ್ನೆ. ಇವೆರಡನ್ನೂ ಕಂಡ ನೆಲವೆಂದರೆ ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆ. ಬಸವಾಪಟ್ಟಣ, ಸಂತೇಬೆನ್ನೂರುಗಳ ಕಡೆಯಿಂದ ಬಂದ ಪಾಳೆಯಗಾರರು ತರೀಕೆರೆಯಲ್ಲಿ ನೆಲಸಿ ವಂಶಪಾರಂಪರ್ಯವಾಗಿ ಆಳಿದರು. ಆ ಮನೆತನದ ಸರ್ಜಾ ಹನುಮಪ್ಪನಾಯಕನು 1830ರ ನಗರದ ದಂಗೆಯಲ್ಲಿ ಸೇರಿ ಕಡೆಗೆ ಗಲ್ಲಿಗೇರಿದನು. ಸುಮಾರು ನೂರೈವತ್ತು ವರ್ಷಗಳ ತರುವಾಯ ಮತ್ತೊಂದು ಮನೆತನದ ಹೆಸರು ಇದೇ ಸೀಮೆಗೆ ಬಂದಿತು. ಕತ್ತಿಯನ್ನು ಹಿಡಿದಲ್ಲ, ಮತವನ್ನು ಬೇಡಿ.

ಮೋತೀಲಾಲ ನೆಹರೂ ಅವರು 1919ರಲ್ಲಿಯೂ 1928ರಲ್ಲಿಯೂ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದರು. 1929ರ ಲಾಹೋರ್ ಅಧಿವೇಶನದಲ್ಲಿ ಆ ಪೀಠವು ಅವರ ಮಗ ಜವಾಹರಲಾಲರದಾಯಿತು. ಇದನ್ನು ಬರಿಯ ಪಿತ್ರಾರ್ಜಿತವೆನ್ನುವುದು ನ್ಯಾಯವಲ್ಲ. ಮಗನು ಆ ವೇಳೆಗೆ ಸೆರೆಮನೆಯನ್ನು ಕಂಡಿದ್ದನು. ತಂದೆಯು ಡೊಮಿನಿಯನ್ ಪದವಿಗೆ ಒಪ್ಪಿದ್ದಾಗ ಮಗನು ಪೂರ್ಣ ಸ್ವಾತಂತ್ರ್ಯವೇ ಬೇಕೆಂದು ವಾದಿಸಿದ್ದನು. 1959ರಲ್ಲಿ ಜವಾಹರಲಾಲರ ಮಗಳು ಇಂದಿರಾ ಗಾಂಧಿಯವರು ಅಧ್ಯಕ್ಷೆಯಾದರು, 1966ರಲ್ಲಿ ಪ್ರಧಾನಿಯಾದರು.

ಆದರೆ ಹೆಸರಿನ ಬಲಕ್ಕೂ ಮೇರೆಯುಂಟು. ತುರ್ತುಪರಿಸ್ಥಿತಿಯ ತರುವಾಯ, 1977ರಲ್ಲಿ, ರಾಯಬರೇಲಿಯ ಜನರು ಆಕೆಯನ್ನು ಸೋಲಿಸಿದರು. ಅದೇ ಚುನಾವಣೆಯಲ್ಲಿ ಕರ್ನಾಟಕವು 28 ಸ್ಥಾನಗಳಲ್ಲಿ 26ನ್ನು ಕಾಂಗ್ರೆಸ್ಸಿಗೆ ಕೊಟ್ಟಿತು. ಹೆಸರು ಒಂದೇ, ತೀರ್ಪು ಎರಡು. ಕಾರಣವನ್ನು ಹೆಸರಿನ ಹೊರಗೆ ಹುಡುಕಬೇಕು. ದೇವರಾಜ ಅರಸರ ಸರಕಾರವು 1974ರ ಭೂಸುಧಾರಣೆಯಿಂದ ಗೇಣಿದಾರನಿಗೆ ಉಳುವ ಹೊಲದ ಮೇಲೆ ಹಕ್ಕನ್ನು ಕೊಡಲು ತೊಡಗಿತ್ತು. ಕಡೂರಿನ ಬೆದ್ದಲಿನಲ್ಲಾಗಲಿ, ತರೀಕೆರೆಯ ಅಡಕೆಯ ತೋಟದ ನೆರೆಯಲ್ಲಾಗಲಿ, ಅಜ್ಜಂಪುರದ ಎರೆಯ ಹೊಲದಲ್ಲಾಗಲಿ, ಬೇಸಾಯವೇ ಬಾಳಾದವನಿಗೆ ಇದು ಸಣ್ಣ ಮಾತಲ್ಲ.

ಡಿ. ಬಿ. ಚಂದ್ರೇಗೌಡರು ತೆರವು ಮಾಡಿದ ಚಿಕ್ಕಮಗಳೂರು ಕ್ಷೇತ್ರದಲ್ಲಿ 1978ರ ನವೆಂಬರಿನಲ್ಲಿ ಉಪಚುನಾವಣೆ ನಡೆಯಿತು. ಹಿಂದೆ ಮುಖ್ಯಮಂತ್ರಿಗಳಾಗಿದ್ದ ವೀರೇಂದ್ರ ಪಾಟೀಲರನ್ನು ಇಂದಿರಾ ಅವರು 77 ಸಾವಿರಕ್ಕೂ ಮಿಕ್ಕ ಮತಗಳಿಂದ ಸೋಲಿಸಿದರು.

ಮುಂದಿನದು ನಾವು ನಿಂತು ಯೋಚಿಸತಕ್ಕುದು. ಅದೇ ವರ್ಷದ ಡಿಸೆಂಬರ್ 19ರಂದು ಲೋಕಸಭೆಯು ಹಕ್ಕುಚ್ಯುತಿಯ ಕಾರಣದಿಂದ ಆಕೆಯನ್ನು ಹೊರಹಾಕಿ ಸೆರೆಗೆ ಕಳುಹಿಸಿತು. ಸುಮಾರು ಆರು ವಾರಗಳಲ್ಲಿಯೇ ಈ ಸೀಮೆಯ ಮತವು ನಿಷ್ಫಲವಾಯಿತು. 1981ರಲ್ಲಿ, ಆಕೆಯೇ ಮರಳಿ ಪ್ರಧಾನಿಯಾಗಿದ್ದಾಗ, ಸಭೆಯು ಆ ನಿರ್ಣಯವನ್ನು ರದ್ದುಗೊಳಿಸಿತು. ಆದರೆ ಆ ನಡುವೆ, 1980ರಲ್ಲಿ, ಆಕೆ ಸ್ಪರ್ಧಿಸಿದುದು ರಾಯಬರೇಲಿ, ಮೇದಕಗಳಲ್ಲಿ, ಉಳಿಸಿಕೊಂಡುದು ಮೇದಕವನ್ನು.

ಕಷ್ಟಕಾಲದಲ್ಲಿ ಕೈಹಿಡಿದ ಕ್ಷೇತ್ರಕ್ಕೆ ದೊರೆತುದೇನು? ದೇಶವೆಲ್ಲ ಕೇಳಿದ ಒಂದು ಹೆಸರು. ತನ್ನ ಪರವಾಗಿ ಸಭೆಯಲ್ಲಿ ಮಾತನಾಡುವ ದನಿಯನ್ನು ಮಾತ್ರ ಅದು ಕಳೆದುಕೊಂಡಿತು. ದೊಡ್ಡ ಮನೆತನದವರು ಮತಕ್ಕಾಗಿ ಬಂದಾಗ ಅವರ ಹಿರಿಯರ ಚರಿತ್ರೆಯನ್ನು ಕೇಳುವುದು ಸಹಜ. ಗೆದ್ದ ಬಳಿಕ ನಮ್ಮೊಡನೆ ಎಷ್ಟು ಕಾಲ ಇರುವಿರಿ ಎಂದು ಕೇಳುವುದು ಅದಕ್ಕಿಂತ ಅವಶ್ಯಕ. ಪಾಳೆಯಗಾರನನ್ನು ಹಾಗೆ ಕೇಳುವ ಅಧಿಕಾರ ತರೀಕೆರೆಯ ರೈತನಿಗೆ ಇರಲಿಲ್ಲ. ಅವನ ಮೊಮ್ಮಕ್ಕಳ ಮಕ್ಕಳಿಗೆ ಅದು ಇದೆ.