ಬೆಳ್ಳಿಯ ಬಟ್ಟಲಿಗೆ ಬಂದ ಹದಿನೈದು ಕ್ಲಬ್ಬುಗಳು

ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ಏರ್ಪಡಿಸಿದ ಎಫ್.ಎ. ಕಪ್ ಸ್ಪರ್ಧೆಯ ಮೊದಲನೆಯ ವರ್ಷದಲ್ಲಿ, ಎಂದರೆ 1871–72ರ ಚಳಿಗಾಲದಲ್ಲಿ, ಕೊನೆಗೆ ಬಟ್ಟಲನ್ನು ಪಡೆದ ತಂಡವು ಒಟ್ಟು ಗೆದ್ದುದು ಎರಡೇ ಪಂದ್ಯಗಳನ್ನು. ಅಂತಿಮಕ್ಕೆ ಹಿಂದಿನ ಸುತ್ತಿನವರೆಗೆ ಬಂದು ನಿಂತ ಮತ್ತೊಂದು ತಂಡವಾದರೋ ಅಲ್ಲಿಯವರೆಗೆ ಒಂದು ಪಂದ್ಯವನ್ನೂ ಆಡಿರಲಿಲ್ಲ. ಇಷ್ಟು ಅಸ್ತವ್ಯಸ್ತವಾಗಿ ನಡೆದ ಸ್ಪರ್ಧೆಯನ್ನು ಚರಿತ್ರೆಯು ಆದರದಿಂದ ನೆನೆಯುವುದೇತಕ್ಕೆಂದು ಕೇಳುವವರಿಗೆ ಆ ವರ್ಷದ ಫಲಿತಾಂಶಗಳಲ್ಲಿ ಉತ್ತರವು ದೊರೆಯಲಾರದು. ಆ ಸ್ಪರ್ಧೆಯು ಯಾರು ಯಾರನ್ನು ಒಂದೇ ನಿಬಂಧನೆಗೆ ಒಳಪಡಿಸಿ ಎದುರುಬದುರಾಗಿ ನಿಲ್ಲಿಸಿತೆಂಬುದನ್ನು ನೋಡಬೇಕು.

ಆ ಕಾಲದ ಇಂಗ್ಲೆಂಡಿನಲ್ಲಿ ಚೆಂಡನ್ನು ಒದೆದು ಆಡುವ ಆಟವು ಒಂದಾಗಿರಲಿಲ್ಲ. ಈಟನ್, ಹ್ಯಾರೊ, ವಿಂಚೆಸ್ಟರ್, ರಗ್ಬಿ ಮೊದಲಾದ ವಿದ್ಯಾಶಾಲೆಗಳು ತಂತಮ್ಮ ಅಂಗಳದ ಆಕಾರಕ್ಕೂ ಸಂಪ್ರದಾಯಕ್ಕೂ ಒಪ್ಪುವಂತೆ ಬೇರೆಬೇರೆ ಆಟಗಳನ್ನು ರೂಢಿಸಿಕೊಂಡಿದ್ದುವು. 1863ನೆಯ ಅಕ್ಟೋಬರ್ 26ರಂದು ಲಂಡನ್ನಿನ ಫ್ರೀಮೇಸನ್ಸ್ ಟ್ಯಾವರ್ನಿನಲ್ಲಿ ಅಸೋಸಿಯೇಷನ್ ಸ್ಥಾಪಿತವಾಯಿತು. ಆದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದೆ, ಎದುರಾಳಿಯ ಮೊಣಕಾಲಿನ ಕೆಳಗೆ ಒದೆಯಬಹುದೆ ಎಂಬ ವಾದದಲ್ಲಿ ಬ್ಲ್ಯಾಕ್‌ಹೀತ್ ಕ್ಲಬ್ಬು ಮುನಿದು ಹೊರನಡೆಯಿತು. ಷೆಫೀಲ್ಡಿನವರು ತಮ್ಮದೇ ನಿಯಮಗಳನ್ನು ಬಿಡಲಿಲ್ಲ. ರಗ್ಬಿ ಪದ್ಧತಿಯವರು 1871ರ ಜನವರಿಯಲ್ಲಿ ಬೇರೆಯೇ ಸಂಘವನ್ನು ಕಟ್ಟಿಕೊಂಡರು. ಹೀಗೆ ಎಂಟು ವರ್ಷಗಳ ಕಾಲ ಸಭೆ ಸೇರಿ ನಿಯಮಗಳನ್ನು ಬರೆದುದಾಯಿತೇ ಹೊರತು ಅವನ್ನು ಒಪ್ಪಿ ಆಡುವವರ ಸಂಖ್ಯೆಯು ಐವತ್ತು ಕ್ಲಬ್ಬುಗಳಿಂದ ಆಚೆಗೆ ಹೋಗಿರಲಿಲ್ಲ.

ಈ ಜಡಸ್ಥಿತಿಯನ್ನು ಕದಲಿಸಿದವನು ಅಸೋಸಿಯೇಷನ್ನಿನ ಕಾರ್ಯದರ್ಶಿಯಾಗಿದ್ದ ಚಾರ್ಲ್ಸ್ ಆಲ್ಕಾಕ್. ಸಂಡರ್ಲೆಂಡಿನಲ್ಲಿ 1842ರಲ್ಲಿ ಹುಟ್ಟಿ ಹ್ಯಾರೊ ಶಾಲೆಯಲ್ಲಿ ಓದಿದ ಆತನಿಗೆ, ಅಲ್ಲಿನ ವಿದ್ಯಾರ್ಥಿನಿಲಯಗಳು ಸೋತವರು ಹೊರಗೆ, ಗೆದ್ದವರು ಮುಂದಕ್ಕೆ ಎಂಬ ಕ್ರಮದಲ್ಲಿ ಪರಸ್ಪರ ಆಡಿ ಒಂದು ನಿಲಯವನ್ನು ಅಗ್ರಗಣ್ಯವೆಂದು ಸಾರುತ್ತಿದ್ದ ಪದ್ಧತಿಯು ಚೆನ್ನಾಗಿ ಪರಿಚಿತವಾಗಿದ್ದಿತು. ಅದನ್ನೇ ವಿಸ್ತರಿಸಿ, ಅಸೋಸಿಯೇಷನ್ನಿಗೆ ಸೇರಿದ ಸಮಸ್ತ ಕ್ಲಬ್ಬುಗಳನ್ನೂ ಒಂದು ಪಾರಿತೋಷಕಕ್ಕಾಗಿ ಸ್ಪರ್ಧಿಸಲು ಆಹ್ವಾನಿಸಬೇಕೆಂಬ ಸೂಚನೆಯನ್ನು 1871ನೆಯ ಜುಲೈ 20ರಂದು ‘ದಿ ಸ್ಪೋರ್ಟ್ಸ್‌ಮನ್’ ಪತ್ರಿಕೆಯ ಕಾರ್ಯಾಲಯದಲ್ಲಿ ಸೇರಿದ ಸಭೆಯ ಮುಂದೆ ಆತನು ಇಟ್ಟನು, ಸಭೆಯು ಒಪ್ಪಿತು. ಮಾರ್ಟಿನ್, ಹಾಲ್ ಕಂಪೆನಿಯವರು ಮಾಡಿಕೊಟ್ಟ ಬೆಳ್ಳಿಯ ಬಟ್ಟಲಿಗೆ ತಗುಲಿದ ವೆಚ್ಚ ಸುಮಾರು 20 ಪೌಂಡು. ಎತ್ತರ 18 ಅಂಗುಲ. ಮುಚ್ಚಳದ ಮೇಲೆ ಆಟಗಾರನೊಬ್ಬನ ಪುಟ್ಟ ಮೂರ್ತಿ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿದ್ದ ಕ್ವೀನ್ಸ್ ಪಾರ್ಕ್ ಕ್ಲಬ್ಬು ಆ ವೆಚ್ಚಕ್ಕೆ ಒಂದು ಗಿನಿಯನ್ನು ಕಳುಹಿಸಿತು.

ಹೆಸರು ಕೊಟ್ಟ ಕ್ಲಬ್ಬುಗಳು ಹದಿನೈದು. ಲಂಡನ್ನು ಮತ್ತು ಅದರ ಆಸುಪಾಸಿನವರೇ ಹೆಚ್ಚು. ದೂರದವರೆಂದರೆ ಕ್ವೀನ್ಸ್ ಪಾರ್ಕಿನವರು, ಹಾಗೂ ಲಿಂಕನ್‌ಷೈರಿನ ಡಾನಿಂಗ್ಟನ್ ಎಂಬ ಊರಿನ ಒಂದು ಶಾಲೆಯವರು. ಶಾಲೆಯೊಂದು ರಾಯಲ್ ಎಂಜಿನಿಯರ್ಸ್ ಪಕ್ಷದ ಸೇನಾಧಿಕಾರಿಗಳೊಡನೆ ಸ್ಪರ್ಧಿಸಲು ಮುಂದೆ ಬಂದಿತೆಂಬುದೇ ನನಗೆ ಬಹಳ ಪ್ರಿಯವಾಗಿ ತೋರುತ್ತದೆ, ಕೊನೆಗೆ ಆ ಶಾಲೆಯು ಅಂಗಳಕ್ಕೆ ಇಳಿಯಲಿಲ್ಲವಾದರೂ. ಹ್ಯಾರೊ ಚೆಕರ್ಸ್, ರೈಗೇಟ್ ಪ್ರಯರಿ ಕ್ಲಬ್ಬುಗಳೂ ಆಡದೆಯೇ ಹಿಂದೆಗೆದುವು.

ನವೆಂಬರ್ 11ರಂದು ಮೊದಲ ಸುತ್ತಿನ ನಾಲ್ಕು ಪಂದ್ಯಗಳು ನಡೆದುವು. ಅಪ್ಟನ್ ಪಾರ್ಕಿನ ಮೇಲೆ ಕ್ಲ್ಯಾಪಮ್ ರೋವರ್ಸ್ ಪಕ್ಷದ ಜಾರ್ವಿಸ್ ಕೆನ್ರಿಕ್ ಹೊಡೆದ ಗೋಲನ್ನು ಈ ಸ್ಪರ್ಧೆಯ ಪ್ರಥಮ ಗೋಲೆಂದು ಎಣಿಸುವುದುಂಟು. ಆ ದಿನದ ಆಟವನ್ನು ಇಂದಿನವರು ನೋಡಿದ್ದರೆ ಅದನ್ನು ಗುರುತಿಸುವುದೇ ಕಷ್ಟವಾಗುತ್ತಿತ್ತು. ಗೋಲಿನ ಕಂಬಗಳ ನಡುವೆ ಅಡ್ಡಪಟ್ಟಿಗೆ ಬದಲಾಗಿ ಒಂದು ಲಾಡಿಯನ್ನು ಕಟ್ಟುತ್ತಿದ್ದರು. ಪೆನಾಲ್ಟಿಯಿಲ್ಲ, ಕಾರ್ನರ್ ಇಲ್ಲ. ಗೆರೆಯನ್ನು ದಾಟಿದ ಚೆಂಡನ್ನು ಯಾರು ಮೊದಲು ಮುಟ್ಟಿದರೋ ಅವರದೇ ಎಸೆತ. ಒಂದೊಂದು ಗೋಲಾದಾಗಲೂ ಪಕ್ಷಗಳು ಅಂಗಳದ ಕಡೆಯನ್ನು ಬದಲಾಯಿಸಿಕೊಳ್ಳುತ್ತಿದ್ದುವು. ಗೋಲ್‌ಕೀಪರನೊಬ್ಬನಿಗೆ ಮಾತ್ರ ಕೈಯ ಬಳಕೆಯುಂಟೆಂದು ನಿಯಮಾವಳಿಯಲ್ಲಿ ಸ್ಪಷ್ಟವಾಗಿ ಬರೆದುದು ಅದೇ ವರ್ಷ. ಪಂದ್ಯವು ಸಮನಾದರೆ ಮತ್ತೆ ಆಡಿಸುವುದೋ, ಇಬ್ಬರನ್ನೂ ಮುಂದಿನ ಸುತ್ತಿಗೆ ಬಿಡುವುದೋ ಎಂಬುದು ಸಮಿತಿಯ ಇಚ್ಛೆಗೆ ಸೇರಿದ್ದಿತು. ಈ ಕೊನೆಯ ಅವಕಾಶದಿಂದಲೇ ಆಲ್ಕಾಕನ ನಾಯಕತ್ವದ ವಾಂಡರರ್ಸ್ ತಂಡವು ಹ್ಯಾರೊ ಚೆಕರ್ಸ್ ಬಾರದ ಕಾರಣ ಒಂದು ಸುತ್ತನ್ನು ದಾಟಿ, ಕ್ಲ್ಯಾಪಮ್ ರೋವರ್ಸನ್ನು ಗೆದ್ದು, ಕ್ರಿಸ್ಟಲ್ ಪ್ಯಾಲೆಸ್ಸಿನೊಡನೆ ಗೋಲಿಲ್ಲದೆ ಸಮನಾಗಿ, ಅಂತಿಮದ ಹಿಂದಿನ ಸುತ್ತಿಗೆ ಬಂದುದು.

ಅಲ್ಲಿ ಎದುರಾದವರು ಕ್ವೀನ್ಸ್ ಪಾರ್ಕಿನವರು. ಡಾನಿಂಗ್ಟನ್ನಿನವರೊಡನೆ ಸ್ಥಳದ ವಿಷಯದಲ್ಲಿ ಒಪ್ಪಂದವಾಗದೆ, ಪ್ರಯಾಣದ ದೂರವನ್ನು ಕಂಡು ಸಮಿತಿಯೂ ರಿಯಾಯಿತಿ ತೋರಿ, ಅವರು ಆಡದೆಯೇ ಅಷ್ಟು ದೂರ ಬಂದಿದ್ದರು. ಊರವರು ಕೊಟ್ಟ ವಂತಿಗೆಯ ಹಣದಿಂದ ರೈಲಿನಲ್ಲಿ ಸುಮಾರು 400 ಮೈಲಿ ಸಾಗಿ, 1872ರ ಮಾರ್ಚ್ ಮೊದಲ ವಾರದಲ್ಲಿ ಲಂಡನ್ನಿನ ಕೆನಿಂಗ್ಟನ್ ಓವಲ್ ಮೈದಾನದಲ್ಲಿ ಇಂಗ್ಲೆಂಡಿನ ಅತಿಪ್ರಸಿದ್ಧ ತಂಡವನ್ನು ಎದುರಿಸಿ, ಒಂದು ಗೋಲನ್ನೂ ಬಿಟ್ಟುಕೊಡದೆ ಪಂದ್ಯವನ್ನು ಸಮನಾಗಿ ಮುಗಿಸಿದರು. ಮರುಪಂದ್ಯವಾಗಬೇಕು, ಆದರೆ ಅಲ್ಲಿಯವರೆಗೆ ಲಂಡನ್ನಿನಲ್ಲಿ ತಂಗಲು ಅವರಲ್ಲಿ ಹಣವಿರಲಿಲ್ಲ. ಸೋಲದೆಯೇ ಸ್ಪರ್ಧೆಯಿಂದ ಹಿಂದೆಗೆದು ಗ್ಲಾಸ್ಗೋವಿಗೆ ಮರಳಿದರು. ನನ್ನ ಮಟ್ಟಿಗೆ ಆ ವರ್ಷದ ಅತ್ಯುಚ್ಚ ಕ್ಷಣವು ಇದೇ. ತಮ್ಮ ಗಿನಿಯೊಂದೂ ಸೇರಿದ್ದ ಬಟ್ಟಲನ್ನು ಗೆಲ್ಲಲು ಯೋಗ್ಯತೆಯಿದ್ದೂ ರೈಲಿನ ದರಕ್ಕೂ ಊಟವಸತಿಯ ಖರ್ಚಿಗೂ ಸೋತು ಹೋದವರಿಗೆ ವಿಜಯಿಗಳಿಗಿಂತ ಕಡಮೆಯಾದ ಗೌರವವು ಸಲ್ಲತಕ್ಕದ್ದಲ್ಲ. ಅದೇ ವರ್ಷದ ನವೆಂಬರ್ 30ರಂದು ಗ್ಲಾಸ್ಗೋದಲ್ಲಿ ಇಂಗ್ಲೆಂಡಿಗೂ ಸ್ಕಾಟ್ಲೆಂಡಿಗೂ ನಡೆದ ಮೊದಲನೆಯ ಅಂತಾರಾಷ್ಟ್ರೀಯ ಪಂದ್ಯದಲ್ಲಿ ಸ್ಕಾಟ್ಲೆಂಡಿನ ಹನ್ನೊಂದು ಮಂದಿಯೂ ಈ ಕ್ಲಬ್ಬಿನವರೇ. ಆ ಪಂದ್ಯದಲ್ಲಿಯೂ ಯಾರೂ ಗೋಲು ಹೊಡೆಯಲಿಲ್ಲ.

ಹೀಗೆ ವಾಂಡರರ್ಸ್ ತಲಪಿದ ಮಾರ್ಚ್ 16ರ ಅಂತಿಮ ಪಂದ್ಯಕ್ಕೆ ಓವಲ್ ಮೈದಾನದಲ್ಲಿ ಸೇರಿದ್ದವರು ಸುಮಾರು 2,000 ಮಂದಿ. ಪ್ರವೇಶಧನ ಒಂದು ಷಿಲಿಂಗು. ಕ್ರಿಸ್ಟಲ್ ಪ್ಯಾಲೆಸ್ಸನ್ನು ಮರುಪಂದ್ಯದಲ್ಲಿ ಸೋಲಿಸಿ ಬಂದಿದ್ದ ರಾಯಲ್ ಎಂಜಿನಿಯರ್ಸ್ ಪಕ್ಷವೇ ಗೆಲ್ಲುವುದೆಂದು ಬಹುಮಂದಿಯ ನಿರೀಕ್ಷೆಯಿದ್ದಿತು. ಒಬ್ಬೊಬ್ಬನೇ ಚೆಂಡನ್ನು ಕಾಲಿನಲ್ಲಿ ಸಾಗಿಸಿಕೊಂಡು ಹೋಗುವುದೇ ಆಟವೆನಿಸಿದ್ದ ಆ ದಿನಗಳಲ್ಲಿ, ಚಾಟಮ್ ಠಾಣ್ಯದ ಈ ಸೇನಾಧಿಕಾರಿಗಳು ಫ್ರಾನ್ಸಿಸ್ ಮ್ಯಾರಿಂಡಿನ್ನನ ನಾಯಕತ್ವದಲ್ಲಿ ಪರಸ್ಪರ ಸಹಕಾರದ ಆಟವನ್ನು ಬೆಳೆಸಿದ್ದರು. ಆದರೆ ಆಟವು ಪ್ರಾರಂಭವಾಗಿ ಹತ್ತು ನಿಮಿಷಗಳಾಗುವಷ್ಟರಲ್ಲಿ ಎಡ್ಮಂಡ್ ಕ್ರೆಸ್‌ವೆಲ್ಲನ ಕೊರಳೆಲುಬು ಮುರಿಯಿತು. ಬದಲಿ ಆಟಗಾರನೆಂಬ ಏರ್ಪಾಡೇ ಇಲ್ಲದ ಕಾಲ. ಆತನು ನೋವನ್ನು ನುಂಗಿಕೊಂಡು ಕೊನೆಯವರೆಗೂ ಅಂಗಳದಲ್ಲಿಯೇ ನಿಂತನು. ಹದಿನೈದನೆಯ ನಿಮಿಷದ ಹೊತ್ತಿಗೆ, ಚೆಂಡನ್ನು ಸಾಗಿಸುವುದರಲ್ಲಿ ಅದ್ವಿತೀಯನೆನಿಸಿದ್ದ ವಾಂಡರರ್ಸ್ ಪಕ್ಷದ ವೈಡಲನು ಒದಗಿಸಿದ ಅವಕಾಶದಿಂದ ಅದೇ ಪಕ್ಷದ ಮಾರ್ಟನ್ ಪೀಟೊ ಬೆಟ್ಸ್ ಗೋಲು ಹೊಡೆದನು. ಆತನು ಆಡಿದುದು ಎ. ಎಚ್. ಚೆಕರ್ ಎಂಬ ಕಲ್ಪಿತ ನಾಮದಿಂದ. ಮೊದಲ ಸುತ್ತಿನಲ್ಲಿ ವಾಂಡರರ್ಸಿಗೆ ಎದುರಾಗಿ ಬರಬೇಕಾಗಿದ್ದು ಬಾರದೆ ಹೋದ ಹ್ಯಾರೊ ಚೆಕರ್ಸ್ ಕ್ಲಬ್ಬಿಗೆ ಸೇರಿದವನು ಅವನು. ಮತ್ತೆ ಗೋಲಾಗಲಿಲ್ಲ. ಏಪ್ರಿಲ್ 11ರಂದು ಪಾಲ್ ಮಾಲ್ ಭೋಜನಶಾಲೆಯಲ್ಲಿ ಅಸೋಸಿಯೇಷನ್ನಿನ ಅಧ್ಯಕ್ಷನಾದ ಎಬನೀಜರ್ ಮಾರ್ಲಿಯು ಬಟ್ಟಲನ್ನು ವಿಜಯಿಗಳಿಗೆ ಒಪ್ಪಿಸಿದನು.

ಅದನ್ನು ಗೆದ್ದವರು ಕುಲೀನ ಶಾಲೆಗಳಲ್ಲಿ ಓದಿದವರು. ಆದರೆ ಅದರ ನಿಬಂಧನೆಯು ಕುಲವನ್ನು ಕೇಳುತ್ತಿರಲಿಲ್ಲ. ಯಾವ ಕ್ಲಬ್ಬಾದರೂ ಬರಬಹುದು. ಬಂದವನು ಒಂದೇ ನಿಯಮವನ್ನು ಒಪ್ಪಬೇಕು. ಸೋತವನು ಯಾವ ಮನೆತನದವನಾದರೂ ಹೊರಗೆ ನಡೆಯಬೇಕು. ಎಂಟು ವರ್ಷಗಳ ಸಭೆಗಳಿಂದ ಆಗದ ಕಾರ್ಯವನ್ನು ಈ ಮೂರು ಮಾತುಗಳು ಸಾಧಿಸಿದುವೆಂಬುದು ನನ್ನ ದೃಢವಾದ ಅಭಿಪ್ರಾಯ. ಷೆಫೀಲ್ಡಿನವರು ತಮ್ಮ ಪ್ರತ್ಯೇಕ ನಿಯಮಗಳನ್ನು 1877ರಲ್ಲಿ ಬಿಟ್ಟರು. 1883ರಲ್ಲಿ ಬ್ಲ್ಯಾಕ್‌ಬರ್ನ್ ಊರಿನ ನೇಕಾರರೂ ನೂಲುವವರೂ ಕೊಳಾಯಿ ಕೆಲಸದವರೂ ಕೂಡಿದ ಒಲಿಂಪಿಕ್ ಎಂಬ ತಂಡವು ಅಂತಿಮ ಪಂದ್ಯದಲ್ಲಿ ಈಟನ್ ಶಾಲೆಯ ಹಳೆಯ ವಿದ್ಯಾರ್ಥಿಗಳನ್ನು ಸೋಲಿಸಿ ಬಟ್ಟಲನ್ನು ಉತ್ತರದ ಕಾರ್ಖಾನೆಗಳ ನಾಡಿಗೆ ಕೊಂಡೊಯ್ದಿತು.

ಸೋತವರು ಹೊರಗೆ ಎಂಬ ಇದೇ ಪದ್ಧತಿಯು ಸೈನಿಕರೊಡನೆ ನಮ್ಮ ದೇಶಕ್ಕೂ ಬಂದಿತು. 1872ರ ಅಂತಿಮ ಪಂದ್ಯದಲ್ಲಿ ಎಂಜಿನಿಯರ್ಸ್ ಪಕ್ಷದಿಂದ ಆಡಿದ ಹೆನ್ರಿ ರೆನಿ-ಟೇಲ್ಯೂರ್ ಹುಟ್ಟಿದುದು ಮಸ್ಸೂರಿಯಲ್ಲಿ. ಅದೇ ಪಕ್ಷದ ಆಲ್ಫ್ರೆಡ್ ಗುಡ್ವಿನ್ ಎರಡು ವರ್ಷಗಳ ತರುವಾಯ ರೂರ್ಕಿಯಲ್ಲಿ ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡನು. 1888ರಲ್ಲಿ ಸಿಮ್ಲಾದಲ್ಲಿ ಡ್ಯುರಾಂಡ್ ಕಪ್, 1891ರಲ್ಲಿ ಮುಂಬಯಿಯಲ್ಲಿ ರೋವರ್ಸ್ ಕಪ್, 1893ರಲ್ಲಿ ಕಲ್ಕತ್ತೆಯಲ್ಲಿ ಐ.ಎಫ್.ಎ. ಷೀಲ್ಡ್ ಹೀಗೆ ಒಂದರ ಹಿಂದೊಂದಾಗಿ ಹುಟ್ಟಿದುವು; ದೀರ್ಘಕಾಲ ಅವು ಬ್ರಿಟಿಷ್ ತಂಡಗಳ ಕೈಯಲ್ಲಿಯೇ ಉಳಿದುವು. 1911ರಲ್ಲಿ ಕಲ್ಕತ್ತೆಯ ಮೋಹನ್ ಬಗಾನ್ ತಂಡವು, ಒಬ್ಬನ ಹೊರತು ಮಿಕ್ಕವರೆಲ್ಲ ಬರಿಗಾಲಿನಲ್ಲಿ ಆಡಿ, ಈಸ್ಟ್ ಯಾರ್ಕ್‌ಷೈರ್ ದಳವನ್ನು 2–1ರಿಂದ ಸೋಲಿಸಿ ಷೀಲ್ಡನ್ನು ಗೆದ್ದ ಕಥೆಯನ್ನು ಬಲ್ಲವರು ಅನೇಕರು. ಆದರೆ ರೋವರ್ಸ್ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡವು ನಮ್ಮ ಬೆಂಗಳೂರು ಮುಸ್ಲಿಮ್ಸ್ ಎಂಬುದನ್ನು, ಅದು 1937ರಲ್ಲಿ ಗೆದ್ದು ಮರುವರ್ಷವೂ ಅದನ್ನು ಉಳಿಸಿಕೊಂಡಿತೆಂಬುದನ್ನು, ನಮ್ಮಲ್ಲಿಯೇ ಎಷ್ಟು ಮಂದಿ ಬಲ್ಲರು? ಆ ಆಟಗಾರರ ವಂಶದವರು ಇಂದಿಗೂ ಈ ಊರಿನಲ್ಲಿರಬಹುದು. ಅವರ ಮನೆಗಳಲ್ಲಿ ಉಳಿದಿರಬಹುದಾದ ಭಾವಚಿತ್ರಗಳನ್ನೂ ಕಾಗದಪತ್ರಗಳನ್ನೂ, ಹಿರಿಯರಿಂದ ಕೇಳಿದ ಮಾತುಗಳನ್ನೂ ಯಾರಾದರೂ ಶ್ರದ್ಧೆಯಿಂದ ಸಂಗ್ರಹಿಸಿ, ಆ ಎರಡು ವರ್ಷಗಳ ಚರಿತ್ರೆಯನ್ನು ಕನ್ನಡದಲ್ಲಿ ಬರೆಯಬೇಕು.