ಬಾಲ ತಂದರೂ ಪೂರ್ತಿ ದುಡ್ಡು: ಹಂಪಿಯ ಕುದುರೆ, ಸಂಡೂರಿನ ಕಾರು

ಇವತ್ತಿನ ಎಪಿಸೋಡು ಗಂಡಸರ ಶೋಕಿ ಬಗ್ಗೆ. ಬೈಕು, ಕಾರು, ಅದಕ್ಕೆ ಹಾಕಿಸೋ ಎಕ್ಸ್‌ಟ್ರಾ ಫಿಟ್ಟಿಂಗು, ಮೈಮೇಲಿನ ಜಾಕೆಟ್ಟು. "ಇದೆಲ್ಲ ಈಗಿನ ಹುಡುಗರ ಹುಚ್ಚು" ಅಂತ ಮನೆಯಲ್ಲಿ ಹಿರಿಯರು ಬೈದರೆ ಅವರನ್ನ ಒಂದ್ಸಲ ಹಂಪಿಗೆ ಕರ್ಕೊಂಡು ಹೋಗಿ. ಹಜಾರರಾಮ ದೇವಸ್ಥಾನದ ಹೊರಗೋಡೆ ತೋರಿಸಿ. ಅಲ್ಲಿ ಸಾಲುಸಾಲಾಗಿ ಕುದುರೆಗಳು. ಆಮೇಲೆ ವಿಠ್ಠಲ ದೇವಸ್ಥಾನದ ಎದುರಿನ ಬಜಾರಿಗೆ ಬನ್ನಿ. ಅಲ್ಲಿ ಒಂದು ಮಂಟಪ ಇದೆ, ಕಂಬದ ಮೇಲೆಲ್ಲ ಕುದುರೆ ಸವಾರರು. ಜನ ಅದನ್ನ ಕುದುರೆಗೊಂಬೆ ಮಂಟಪ ಅಂತಾರೆ. ಐನೂರು ವರ್ಷದ ಹಿಂದೆ ಈ ಊರಿನ ಇಂಪೋರ್ಟೆಡ್ ಗಾಡಿ ಅಂದ್ರೆ ಕುದುರೆ.

ಶೋಕಿಗಿಂತ ಮೊದಲು ಅದು ಜೀವದ ಪ್ರಶ್ನೆ ಆಗಿತ್ತು. ಹಂಪಿಯಿಂದ ಸ್ವಲ್ಪ ದೂರದಲ್ಲೇ ಇರೋ ಕಂಪ್ಲಿ ನೆನಪು ಮಾಡ್ಕೊಳ್ಳಿ. ಗಂಡುಗಲಿ ಕುಮಾರರಾಮನ ಕಥೆ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? 1327ರಲ್ಲಿ ದೆಹಲಿಯ ಮುಹಮ್ಮದ್ ಬಿನ್ ತುಘಲಕ್‌ನ ಸೈನ್ಯ ಬಂದು ಆ ಕಂಪಿಲಿ ರಾಜ್ಯವನ್ನೇ ಅಳಿಸಿಹಾಕಿತು. ದೆಹಲಿ ಸುಲ್ತಾನರ ದೊಡ್ಡ ಬಲವೇ ಅಶ್ವದಳ. 1336ರ ಹೊತ್ತಿಗೆ ಅದೇ ತುಂಗಭದ್ರೆಯ ದಂಡೆ ಮೇಲೆ ವಿಜಯನಗರ ಎದ್ದು ನಿಂತಾಗ ಅವರಿಗೂ ಕುದುರೆ ಬೇಕಾಯ್ತು.

ಆದರೆ ನಮ್ಮ ನಾಡ ಕುದುರೆಗಳು ಗಾತ್ರದಲ್ಲಿ ಸಣ್ಣವು. ಯುದ್ಧಕ್ಕೆ ಬೇಕಾದ ದೊಡ್ಡ ತಳಿ ಅರಬ್ ದೇಶ, ಪರ್ಷಿಯಾ ಕಡೆಯಿಂದ ಹಡಗಿನಲ್ಲಿ ಬರಬೇಕಿತ್ತು. ಹೊರ್ಮುಜ್‌ನಿಂದ, ಏಡನ್‌ನಿಂದ ಗೋವಾ, ಭಟ್ಕಳದಂಥ ಬಂದರುಗಳಿಗೆ. ಅಲ್ಲಿಂದ ಘಟ್ಟ ಹತ್ತಿ ಹಂಪಿಗೆ.

ಈಗ ರೇಟಿಗೆ ಬರೋಣ, ನಾನು ಬಿ.ಕಾಂ. ಓದಿದವನು. ಹಂಪಿಗೆ 1530ರ ದಶಕದಲ್ಲಿ ಬಂದಿದ್ದ ಫೆರ್ನಾವೋ ನೂನಿಜ್ ಅನ್ನೋ ಪೋರ್ಚುಗೀಸ್ ಕುದುರೆ ವ್ಯಾಪಾರಿ ಲೆಕ್ಕ ಬರೆದಿಟ್ಟಿದ್ದಾನೆ. ಅವನಿಗಿಂತ ಸುಮಾರು ಐವತ್ತು ವರ್ಷ ಮುಂಚೆ, ಸಾಳುವ ನರಸಿಂಹನ ಕಾಲದಲ್ಲಿ, ಸಾವಿರ ಪರ್ದಾವ್‌ಗೆ ಮೂರು ಕುದುರೆ. ಪರ್ದಾವ್ ಅಂದ್ರೆ ನಮ್ಮ ಚಿನ್ನದ ವರಹಕ್ಕೆ ಪೋರ್ಚುಗೀಸರು ಕರೆದ ಹೆಸರು. ಒಂದು ವರಹ 3.4 ಗ್ರಾಂ ಅಂತ ಹಿಡಿದರೆ, ಒಂದು ಕುದುರೆಗೆ ಒಂದು ಕಿಲೋಗಿಂತ ಜಾಸ್ತಿ ಚಿನ್ನ! ಇವತ್ತಿನ ಚಿನ್ನದ ರೇಟು ಹಾಕಿ ನೀವೇ ಗುಣಿಸಿ ನೋಡಿ.

ಇನ್ನೂ ಇದೆ. ಕುದುರೆ ಸಮುದ್ರದಲ್ಲಿ ಸತ್ತರೂ ಪರವಾಗಿಲ್ಲ, ಬಾಲ ತಂದು ತೋರಿಸಿದರೆ ಬದುಕಿದ ಕುದುರೆಯ ಪೂರ್ತಿ ಬೆಲೆ ಕೊಡ್ತಿದ್ದ ರಾಜ ಅಂತ ನೂನಿಜ್ ಬರೀತಾನೆ. ಓದಿ ನಗು ಬಂತು. ಆಮೇಲೆ ಯೋಚನೆ ಮಾಡಿದೆ, ಇದರಲ್ಲಿ ದಡ್ಡತನ ಏನೂ ಇಲ್ಲ. 1472ರಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನ್ ಗೋವಾ ಬಂದರನ್ನ ವಿಜಯನಗರದ ಕೈಯಿಂದ ಕಿತ್ಕೊಂಡಿದ್ದ. ದೊಡ್ಡ ಬಾಗಿಲೇ ಎದುರಾಳಿ ಕೈಗೆ ಹೋದಾಗ ಉಳಿದ ಬಂದರಿಗೆ ವ್ಯಾಪಾರಿಗಳು ಬರಬೇಕಂದ್ರೆ ಅವರ ನಷ್ಟದ ಭಯ ತೆಗೀಬೇಕು. ಇವತ್ತು ನಾವು ಇನ್ಶೂರೆನ್ಸ್ ಅಂತೀವಲ್ಲ, ಅದನ್ನೇ ಖರೀದಿದಾರ ತನ್ನ ತಲೆಮೇಲೆ ಹೊತ್ಕೊಂಡಿದ್ದ.

ಕೃಷ್ಣದೇವರಾಯನ ಕಾಲಕ್ಕೆ ಆಟ ಬದಲಾಯ್ತು. 1510ರಲ್ಲಿ ಗೋವಾ ಪೋರ್ಚುಗೀಸರ ಪಾಲಾಯ್ತು, ಕುದುರೆ ವ್ಯಾಪಾರದ ಹಗ್ಗ ಅವರ ಕೈಗೆ ಬಂತು. 1520ರ ಆಸುಪಾಸಿನಲ್ಲಿ ಬಂದಿದ್ದ ಡೊಮಿಂಗೊ ಪಾಯೆಸ್ ಮಹಾನವಮಿ ಹಬ್ಬ ಕಣ್ಣಾರೆ ಕಂಡವನು. ಕುದುರೆಗಳ ಹಣೆಗೆ ಬೆಳ್ಳಿ ಫಲಕ, ಗಿಲೀಟು ಮಾಡಿದ ಫಲಕ, ಬಣ್ಣಬಣ್ಣದ ರೇಷ್ಮೆ ಕುಚ್ಚು, ಮೈಮೇಲೆ ಮಖಮಲ್ಲು, ಚೀನಾದ ಜರತಾರಿ. ಈಗಿನ ಭಾಷೆಯಲ್ಲಿ ಫುಲ್ ಮಾಡಿಫಿಕೇಷನ್. ರಾಯನ ತಲೆ ಮೇಲೆ ಜರತಾರಿಯ ಉದ್ದ ಟೊಪ್ಪಿಗೆ, ಆದರೆ ಕಾಲಲ್ಲಿ ಚಪ್ಪಲಿ ಇಲ್ಲ ಅಂತಲೂ ಪಾಯೆಸ್ ಬರೆದಿದ್ದಾನೆ. ತಿರುಮಲೆಯಲ್ಲಿರೋ ರಾಯನ ಲೋಹದ ಪ್ರತಿಮೆಯ ತಲೆ ಮೇಲೂ ಆ ಟೊಪ್ಪಿಗೆ ನೋಡಬಹುದು. ಅದರ ಹೆಸರು ಕುಲ್ಲಾಯಿ, ಪರ್ಷಿಯನ್ನಿನ ಕುಲಾಹ್‌ನಿಂದ ಬಂದ ಪದ. ನಮ್ಮ ಅಜ್ಜಿಯರು ಕೂಸಿನ ತಲೆಗೆ ಕಟ್ಟೋ ಕುಲಾವಿ ಕೂಡ ಅದರ ಸಂಬಂಧಿಯೇ.

ಸರಿ, ಇಷ್ಟೆಲ್ಲ ವೈಭವಕ್ಕೆ ದುಡ್ಡು ಕೊಟ್ಟಿದ್ದು ಯಾರು? ನೂನಿಜ್ ಪುಸ್ತಕದಲ್ಲಿ ನನ್ನನ್ನ ಹಿಡಿದು ನಿಲ್ಲಿಸಿದ ಜಾಗ ಇದೇ. ಅವನ ಲೆಕ್ಕದಲ್ಲಿ ರಾಜ ವರ್ಷಕ್ಕೆ 13,000 ಕುದುರೆ ಕೊಳ್ತಿದ್ದ, ಹೊರ್ಮುಜ್‌ದು, ನಾಡ ತಳಿಯದು ಎರಡೂ ಸೇರಿ. ಒಳ್ಳೇವು ತನ್ನ ಲಾಯಕ್ಕೆ. ನಾಡ ಕುದುರೆಗಳನ್ನ ಸಾವಿರ ಪರ್ದಾವ್‌ಗೆ ಐದರಂತೆ ತನ್ನ ನಾಯಕರಿಗೇ ಮಾರೋದು. ಅವರು ಸೆಪ್ಟೆಂಬರ್ ತಿಂಗಳೊಳಗೆ ದುಡ್ಡು ಕಟ್ಟಬೇಕು. ಆ ದುಡ್ಡನ್ನೇ ತೆಗೆದು ಪೋರ್ಚುಗೀಸರಿಗೆ ಅರಬ್ಬೀ ಕುದುರೆಯ ಬೆಲೆ ಚುಕ್ತಾ ಮಾಡೋದು. ಬೊಕ್ಕಸದಿಂದ ಒಂದು ಕಾಸೂ ಹೊರಗೆ ಹೋಗ್ತಿರಲಿಲ್ಲ! ನಾಯಕರು ಎಲ್ಲಿಂದ ತರ್ತಿದ್ದರು? ಅವರ ಆದಾಯವೇ ಭೂಮಿ, ಅಂದ್ರೆ ಆ ಭೂಮಿ ಉಳೋ ರೈತ.

ಇದನ್ನ ಓದುವಾಗ ನನಗೆ ಸಂಡೂರಿನ ನಮ್ಮ ಸೋದರಮಾವ ನೆನಪಾದರು.

ಅವತ್ತು ಕರಾವಳಿಯಿಂದ ಘಟ್ಟ ಹತ್ತಿ ಕುದುರೆ ಬಂದವು. 2000ದ ದಶಕದಲ್ಲಿ ಸಂಡೂರು ಗುಡ್ಡದ ಅದಿರು ಹೊಸಪೇಟೆ, ಹುಬ್ಬಳ್ಳಿ ದಾಟಿ, ಘಟ್ಟ ಇಳಿದು ಬೇಲೆಕೇರಿ ಬಂದರಿಗೆ ಹೋಯ್ತು. ಚೀನಾದ ಬೇಡಿಕೆ, 2008ರ ಬೀಜಿಂಗ್ ಒಲಿಂಪಿಕ್ಸ್, ಅದಿರಿನ ರೇಟು ಆಕಾಶಕ್ಕೆ. ಹೊಸಪೇಟೆ ರಸ್ತೆಯಲ್ಲಿ ಕೆಂಪು ಧೂಳಿನ ಮಧ್ಯೆ ಫಳಫಳ ಹೊಳೆಯೋ ಫಾರಿನ್ ಕಾರುಗಳು. ನಾವು ಹುಡುಗರು ಲೋಗೋ ನೋಡಿ ಹೆಸರು ಹೇಳೋ ಪಂದ್ಯ ಕಟ್ತಿದ್ವಿ.

ಮಾವ ಗಣಿ ಮಾಲೀಕರಲ್ಲ. ಸಾಲ ಮಾಡಿ ಎರಡು ಟಿಪ್ಪರ್ ತಗೊಂಡಿದ್ದರು, ಆಮೇಲೆ ಒಂದು ದೊಡ್ಡ ಬಿಳಿ ಕಾರು. ಅದೂ ಕಂತಿನ ಮೇಲೆ. ಅದರ ಮುಂದಿನ ಸೀಟಲ್ಲಿ ಕೂತು ಜಾತ್ರೆಗೆ ಹೋದ ದಿನ ನನ್ನಷ್ಟು ದೊಡ್ಡ ಮನುಷ್ಯ ಇಲ್ಲ ಅನ್ನಿಸಿತ್ತು.

2011ರ ಜುಲೈ 27ಕ್ಕೆ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಸರ್ಕಾರಕ್ಕೆ ಹೋಯ್ತು. 29ಕ್ಕೆ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಗುಡ್ಡ ಅಗೆದು ಲೂಟಿ ಹೊಡೆದಿದ್ದು ನಿಜ, ನಿಲ್ಲಿಸಲೇಬೇಕಿತ್ತು. ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಕಂತು ನಿಲ್ಲಲಿಲ್ಲ. ಫೈನಾನ್ಸ್‌ನವರು ಮೊದಲು ಟಿಪ್ಪರ್ ಎಳ್ಕೊಂಡು ಹೋದರು. ಕಾರು ಕೆಲವು ತಿಂಗಳು ಬೇವಿನ ಮರದ ಕೆಳಗೆ ನಿಂತಿತ್ತು. ಅತ್ತೆಯ ಬಳೆ ಬ್ಯಾಂಕಿಗೆ ಹೋದವು, ಆಮೇಲೆ ಕಾರೂ ಹೋಯ್ತು. ಗಣಿಗಳು ಹಂತಹಂತವಾಗಿ ಮತ್ತೆ ತೆರೆದವು, ಬಳೆ ಮಾತ್ರ ವಾಪಸ್ ಬರಲಿಲ್ಲ.

ಅದಿರಿನ ದೊಡ್ಡ ಲಾಭ ಒಂದು ಕಡೆ, ಲಾರಿಯ ಸಾಲ ಇನ್ನೊಂದು ಕಡೆ. ನೂನಿಜ್ ಬರೆದ ಲೆಕ್ಕದಲ್ಲೂ ಹೀಗೇ ಅಲ್ವಾ? ಲಾಯ ರಾಜನದು, ಸೆಪ್ಟೆಂಬರ್ ಬಾಕಿ ನಾಯಕನದು, ಬೆವರು ರೈತನದು.

ಮೊನ್ನೆ ಒಂದು ಬೈಕ್ ಬುಕ್ ಮಾಡೋಣ ಅಂತ ಮಾವನಿಗೆ ಫೋನಲ್ಲಿ ಫೋಟೋ ತೋರಿಸಿದೆ. ಬೈತಾರೆ ಅಂದ್ಕೊಂಡಿದ್ದೆ. ಬಣ್ಣ ನೋಡಿ ಅವರ ಮುಖ ಅರಳಿತು. "ಭಾರೀ ಐತಪ್ಪಾ" ಅಂದರು. ಆಮೇಲೆ ಒಂದೇ ಮಾತು ಕೇಳಿದರು: "ನಿನಗೆ ರೊಕ್ಕ ಬರಾದು ನಿಂತ್ರೆ, ಇದರ ಕಂತು ಯಾರು ಕಟ್ಟಬೇಕು?"

ಆಸೆ ಬಿಟ್ಟಿಲ್ಲ ನಾನು. ಆರು ತಿಂಗಳ ಕಂತು ಕೈಯಲ್ಲಿ ಕೂಡೋವರೆಗೂ ಬುಕಿಂಗ್ ಮುಂದೆ ಹಾಕಿದ್ದೀನಿ, ಅಷ್ಟೇ. ನೀವು ಮುಂದಿನ ಸಲ ಹಂಪಿಗೆ ಹೋದಾಗ ಕುದುರೆಗೊಂಬೆ ಮಂಟಪದ ಮುಂದೆ ಸೆಲ್ಫಿ ತಗೊಳ್ಳಿ, ಬೇಡ ಅನ್ನಲ್ಲ. ಆ ಕುದುರೆಯ ಕಂತು ಕಟ್ಟಿದವರನ್ನೂ ಒಂದು ನಿಮಿಷ ನೆನೆಸ್ಕೊಳ್ಳಿ. ಮತ್ತೆ ಸಿಗೋಣ.