ಕಣದ ವೇಗದ ಲೆಕ್ಕ: ಬೆಂಗಳೂರಿನಿಂದ ಕೊಲಾಬಾಕ್ಕೆ

ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದು ನೆಲೆಸಿದವರ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಆದರೆ ಒಂದು ದೊಡ್ಡ ವಿಜ್ಞಾನ ಸಂಸ್ಥೆಯೇ ಬೆಂಗಳೂರಿನಲ್ಲಿ ಹುಟ್ಟಿ ಕೆಲವೇ ತಿಂಗಳಲ್ಲಿ ಇಲ್ಲಿಗೆ ವಲಸೆ ಬಂದದ್ದು ಹಲವರಿಗೆ ತಿಳಿದಿರಲಾರದು. ಹೋಮಿ ಭಾಭಾ ಅವರು 1945ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಆರಂಭಿಸಿದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಅದೇ ವರ್ಷ ಪೆಡ್ಡರ್ ರಸ್ತೆಯ ಮನೆಯೊಂದಕ್ಕೆ ಬಂತು. ಅಲ್ಲಿಂದ ಗೇಟ್‌ವೇ ಬಳಿಯ ಹಳೆಯ ಯಾಟ್ ಕ್ಲಬ್ಬಿಗೆ ಹೋಗಿ, ಕೊನೆಗೆ 1962ರಲ್ಲಿ ಕೊಲಾಬಾದ ಕಡಲ ದಂಡೆಯಲ್ಲಿ ಸ್ವಂತ ಕಟ್ಟಡ ಕಂಡಿತು. ನಂಜನಗೂಡಿನ ಕಡೆಯ ಬಿ. ವಿ. ಶ್ರೀಕಂಠನ್ 1948ರಲ್ಲಿ, ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ 1949ರಲ್ಲಿ ಆ ಸಂಸ್ಥೆಯನ್ನು ಸೇರಿದರು.

ಇವರೆಲ್ಲ ಬೆನ್ನುಹತ್ತಿದ್ದು ಕಣ್ಣಿಗೆ ಕಾಣದ ಕಣಗಳನ್ನು. ಕಾಣದ ಕಣದ ವೇಗವನ್ನು ಅಳೆಯುವುದು ಹೇಗೆ?

ಉತ್ತರ ಅಂಗಡಿಯ ಜಮಾ-ಖರ್ಚಿನಷ್ಟೇ ಸರಳ. ಶಕ್ತಿ ಹೊಸದಾಗಿ ಹುಟ್ಟುವುದಿಲ್ಲ, ಇದ್ದದ್ದು ಅಳಿಯುವುದೂ ಇಲ್ಲ. ರೂಪ ಮಾತ್ರ ಬದಲಾಗುತ್ತದೆ. ಜೋಗದಲ್ಲಿ ನೀರು 253 ಮೀಟರ್ ಕೆಳಗೆ ಬೀಳುತ್ತದೆ. ಗಾಳಿಯ ತಡೆ ಇಲ್ಲವೆಂದುಕೊಂಡರೆ, ತಳ ಮುಟ್ಟುವಾಗ ಅದರ ವೇಗ ಸೆಕೆಂಡಿಗೆ ಸುಮಾರು 70 ಮೀಟರ್ ಎಂದು ಎತ್ತರವೊಂದರಿಂದಲೇ ಹೇಳಬಹುದು. ವಿದ್ಯುತ್ ಕಣಕ್ಕೆ ವೋಲ್ಟೇಜೇ ಆ ಎತ್ತರ. ಕಣದ ವಿದ್ಯುದಂಶವನ್ನು ವೋಲ್ಟೇಜಿನಿಂದ ಗುಣಿಸಿದರೆ ಅದು ಗಳಿಸಿದ ಶಕ್ತಿ ಸಿಗುತ್ತದೆ. ಈ ಗಳಿಕೆಯು ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದಷ್ಟಕ್ಕೆ ಸಮ. ಅಷ್ಟರಿಂದ ವೇಗ ತಿಳಿಯುತ್ತದೆ.

ಇಂಗ್ಲೆಂಡಿನ ಜೆ. ಜೆ. ಥಾಮ್ಸನ್ 1897ರಲ್ಲಿ ಎಲೆಕ್ಟ್ರಾನನ್ನು ಗುರುತಿಸಿದಾಗ ಇದೇ ನಂಬಿಕೆಯನ್ನು ಆಧರಿಸಿದ್ದರು. ಕಿರಣಗಳು ಬಡಿದ ಲೋಹ ಎಷ್ಟು ಬಿಸಿಯಾಯಿತೆಂದು ಅಳೆದು, ಆ ಶಾಖವೇ ಕಣಗಳ ಚಲನಶಕ್ತಿಯೆಂದು ಲೆಕ್ಕ ಹಾಕಿದರು. ಜೊತೆಗೆ ಅಯಸ್ಕಾಂತದಿಂದ ಕಿರಣ ಎಷ್ಟು ಬಾಗಿತೆಂದು ನೋಡಿ ವೇಗವನ್ನು ಕಂಡುಕೊಂಡರು.

ನಮ್ಮ ನಗರದಲ್ಲಿ ಈ ಲೆಕ್ಕ ದೊಡ್ಡ ಪ್ರಮಾಣದಲ್ಲಿ ನಡೆದದ್ದು ಟ್ರಾಂಬೆಯಲ್ಲಿ. ಅಲ್ಲಿ 55 ಲಕ್ಷ ವೋಲ್ಟಿನ ವಾನ್ ಡಿ ಗ್ರಾಫ್ ಯಂತ್ರ 1962ರಲ್ಲಿ ಕೆಲಸ ಆರಂಭಿಸಿತು. ಅಷ್ಟು ವೋಲ್ಟೇಜನ್ನು ದಾಟಿದ ಪ್ರೋಟಾನಿನ ವೇಗ ಸೆಕೆಂಡಿಗೆ ಸುಮಾರು 32,300 ಕಿಲೋಮೀಟರ್. ಮುಂಬಯಿಯಿಂದ ಬೆಂಗಳೂರಿಗೆ ಒಂದು ಸೆಕೆಂಡಿನಲ್ಲಿ ಹದಿನೈದು ಸಲ ಹೋಗಿ ಬಂದ ಹಾಗೆ!

ಇದಕ್ಕಿಂತ ದೊಡ್ಡದಾದ ಪೆಲ್ಲೆಟ್ರಾನ್ ಯಂತ್ರ 1988ರ ಕೊನೆಯಲ್ಲಿ ಕೊಲಾಬಾದಲ್ಲಿ ಸಿದ್ಧವಾಯಿತು. ಎತ್ತರದ ಗೋಪುರದೊಳಗಿನ ಈ ಯಂತ್ರದ ಸಾಮರ್ಥ್ಯ 1 ಕೋಟಿ 40 ಲಕ್ಷ ವೋಲ್ಟು. ಇಲ್ಲೊಂದು ಜಾಣತನವಿದೆ. ಮೇಲಿನಿಂದ ಬರುವ ಋಣ ಕಣವನ್ನು ನಡುವಿನ ಧನ ವಿದ್ಯುತ್ತು ತನ್ನತ್ತ ಸೆಳೆಯುತ್ತದೆ. ಅಲ್ಲಿ ತೆಳುವಾದ ಇಂಗಾಲದ ಹಾಳೆಯನ್ನು ಹಾಯುವಾಗ ಎಲೆಕ್ಟ್ರಾನುಗಳು ಕಳಚಿ, ಕಣ ಧನವಾಗುತ್ತದೆ. ಸೆಳೆದ ವಿದ್ಯುತ್ತೇ ಈಗ ಅದನ್ನು ಕೆಳಕ್ಕೆ ದೂಡುತ್ತದೆ. ಒಂದೇ ವೋಲ್ಟೇಜಿಗೆ ಎರಡು ಸಲ ಗಳಿಕೆ! ಹೀಗೆ ಪ್ರೋಟಾನಿಗೆ 2 ಕೋಟಿ 80 ಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ದಕ್ಕುತ್ತದೆ. ಆರೂ ಎಲೆಕ್ಟ್ರಾನು ಕಳೆದುಕೊಂಡ ಇಂಗಾಲದ ಪರಮಾಣುವಿಗೆ 9 ಕೋಟಿ 80 ಲಕ್ಷ. ಆದರೂ ಹನ್ನೆರಡು ಪಟ್ಟು ಭಾರದ ಇಂಗಾಲ ಸೆಕೆಂಡಿಗೆ ಸುಮಾರು 39,500 ಕಿಲೋಮೀಟರ್ ಓಡಿದರೆ, ಪ್ರೋಟಾನು ಸುಮಾರು 71,700 ಕಿಲೋಮೀಟರ್ ಓಡುತ್ತದೆ.

ಸೂಕ್ಷ್ಮ ಇರುವುದು ಇಲ್ಲಿಯೇ. ಮೇಲೆ ಹೇಳಿದ ಹಳೆಯ ಸೂತ್ರ ಈ ಪ್ರೋಟಾನಿಗೆ 73,300 ಎಂದು ಹೇಳುತ್ತದೆ. ಐನ್‌ಸ್ಟೈನರ 1905ರ ಸಿದ್ಧಾಂತ ಕೊಡುವುದು 71,700. ವೇಗ ಬೆಳಕಿನದಕ್ಕೆ ಹತ್ತಿರವಾದಂತೆ ಈ ಅಂತರ ಹಿಗ್ಗುತ್ತದೆ. ಹಾಗಾದರೆ ಶಕ್ತಿಯ ಲೆಕ್ಕವೇ ತಪ್ಪಿತೇ? ಅಮೆರಿಕದ ವಿಲಿಯಂ ಬರ್ಟೋಝಿ 1964ರಲ್ಲಿ ಎಲೆಕ್ಟ್ರಾನುಗಳ ಓಟದ ಕಾಲವನ್ನು ನೇರವಾಗಿ ಅಳೆದರು. ಅವು ಬಡಿದ ಅಲ್ಯೂಮಿನಿಯಂ ಬಿಲ್ಲೆಯ ಶಾಖವನ್ನೂ ಅಳೆದರು. ವೇಗ ಬೆಳಕಿನ ಮಿತಿಯ ಬಳಿ ನಿಂತುಬಿಟ್ಟಿತ್ತು. ಶಾಖ ಮಾತ್ರ ಕೊಟ್ಟ ಶಕ್ತಿಗೆ ಸರಿಯಾಗಿ ಹೊಂದಿತು. ಸೂತ್ರ ಬದಲಾಯಿತು, ಜಮಾ-ಖರ್ಚು ಬದಲಾಗಲಿಲ್ಲ.

ಇದು ಬರಿಯ ಪಂಡಿತರ ಮಾತಲ್ಲ. ಊರಿನಿಂದ ಚಿಕಿತ್ಸೆಗೆ ಬಂದ ನೆಂಟರನ್ನು ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಗೆ ಕರೆದೊಯ್ದವರು ನಮ್ಮಲ್ಲಿ ಎಷ್ಟೋ ಮಂದಿ. ಕ್ಯಾನ್ಸರಿಗೆ ಎಲೆಕ್ಟ್ರಾನ್ ಕಿರಣ ಕೊಡುವಾಗ 60 ಲಕ್ಷ ಎಲೆಕ್ಟ್ರಾನ್ ವೋಲ್ಟಿನ ಕಣ ದೇಹದೊಳಗೆ ಸುಮಾರು 3 ಸೆಂಟಿಮೀಟರ್ ಇಳಿಯುತ್ತದೆ. ಶಕ್ತಿ ಇಮ್ಮಡಿಯಾದರೆ ಆಳವೂ ಹೆಚ್ಚುಕಡಿಮೆ ಇಮ್ಮಡಿ. ಆದರೆ ವೇಗ ಬೆಳಕಿನ ವೇಗದ ಶೇಕಡಾ 99.7ರಿಂದ 99.9ಕ್ಕೆ ಏರುತ್ತದೆ, ಅಷ್ಟೆ. ಹಳೆಯ ಸೂತ್ರವನ್ನೇ ನಂಬಿದ್ದರೆ, 60 ಲಕ್ಷದ ಎಲೆಕ್ಟ್ರಾನು ಬೆಳಕಿಗಿಂತ ಸುಮಾರು ಐದು ಪಟ್ಟು ವೇಗವಾಗಿ ಓಡಬೇಕಿತ್ತು! ಆದ್ದರಿಂದಲೇ ಅಲ್ಲಿ ಚಿಕಿತ್ಸೆಯನ್ನು ಗೊತ್ತುಮಾಡುವವರು ಕಣದ ವೇಗವನ್ನು ಕೇಳುವುದಿಲ್ಲ, ಶಕ್ತಿಯನ್ನು ಕೇಳುತ್ತಾರೆ. ರೋಗಿಯ ಮೈಯೊಳಗೆ ಕಿರಣ ಎಲ್ಲಿಗೆ ನಿಲ್ಲಬೇಕೆಂಬುದು ಆ ಒಂದು ಅಂಕಿಯ ಮೇಲೆ ನಿಂತಿದೆ.